ಎಡಗಾಲಿಗೆ ರಜಾ

ಮೂವತ್ತೊಂದು ವರ್ಷ ಒತ್ತಿದ ಕ್ಲಚ್ಚು
ಸವೆದಾಗೊಮ್ಮೆ ಡಿಪೋದವರು ಬದಲಿಸಿದ್ರು.
ಬದಲಿಸದ ಉಳದದ್ದು ನನ್ನ ಮೊಣಕಾಲು.
ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡದು
"ಇಲ್ಲೊಂದು ಗಾದಿ ಇರಬೇಕಿತ್ತು" ಅಂದ್ರು.
"ಇನ್ನ ಗಾಡಿ ಹೊಡೆಯೂದಿದ್ರ ಆಟೋಮ್ಯಾಟಿಕ್ ನೋಡ್ರಿ, ಫಕ್ಕೀರಪ್ಪ."
ಕ್ಲಚ್ಚಿಲ್ಲದ ಗಾಡಿ!
ಉಪ್ಪಿಲ್ಲದ ಝುಣಕ ಅಂದಂಗ ಕೇಳಿಸ್ತು ನನಗ.

ನಿಂಗವ್ವ ಟ್ರಂಕಿನ ತಳದಾಗಿಂದ ಪಾಸ್‌ಬುಕ್ ತಗದ್ಲು.
ಮೂರೂಕಾಲು ಲಕ್ಷ. ಅದರ ಮ್ಯಾಲ ರೂಪಾಯಿ ಕೇಳಬ್ಯಾಡ್ರಿ,
ಅಡಗಿಮನಿ ಸೋರತೈತಿ.

ಹುಬ್ಬಳ್ಳಿ ಗೋಕುಲ ರೋಡಿನಾಗ ಸಾಲು ಹಿಡದು ನಿಂತಿದ್ದವು
ಸೆಕೆಂಡ್ ಹ್ಯಾಂಡು, ಮಾರಿ ತೊಳಕೊಂಡು.
ಬಿಳೀದರ ಮೀಟರು ಇಪ್ಪತ್ತೆಂಟು ಸಾವಿರ ಅಂತು.
ಬಗ್ಗಿ ಬ್ರೇಕಿನ ಪೆಡಲ್ ನೋಡಿದೆ:
ರಬ್ಬರಿನ ಗೆರಿ ಒಂದೂ ಉಳದಿಲ್ಲ.
"ಮೀಟರು ತಿರಗಸಬಹುದು ತಮ್ಮಾ, ಪಾದಾ ತಿರಗಸಾಕ ಬರೂದಿಲ್ಲ."
ಹುಡುಗ ಫೋನು ಬಂದಂಗ ಮಾಡಿ ಆಚಿ ಹೋದ.

ಕೆಂಪಂದು. ಜೊತಿಗೆ ಬಂದ ಮೌಲಾಸಾಬ್
ಸೀಟಿನ ಬೆಲ್ಟು ಪೂರ್ತಿ ಎಳದ, ಬಾವಿ ಹಗ್ಗ ಎಳದಂಗ.
ಕೊನೀ ಗೇಣಿನಾಗ ಒಣಗಿದ ರಾಡಿ.
"ಇದು ನೀರಾಗ ಕುಂತೈತಿ ಮಾಮಾ, ಕುತಿಗಿತನಾ."

ನೀಲಿದು ಹೊಡದು ನೋಡಿದೆ.
ಗೇರು ಬಿದ್ದಾಗೊಮ್ಮೆ ಗೋಣು ಹಾಕತೈತಿ,
ಮಾತು ತಿಳೀದಿದ್ರೂ ಹೂಂ ಹೂಂ ಅನ್ನೋ ಹೊಸಾ ಅಳಿಯನಂಗ.
"ಇದರೊಳಗ ಕ್ಲಚ್ ಐತಿ," ಅಂದ ಮೌಲಾ,
"ನಿಮ್ಮ ಕಾಲಿನ ಕೆಲಸ ಒಂದು ಮಷೀನು ಮಾಡತೈತಿ.
ಈಗ ಅದರ ಮೊಣಕಾಲೂ ಹೊಂಟೈತಿ."
ಡಿಪೋ ಬಿಟ್ಟ ಮ್ಯಾಲ
ಒಂದು ಯಂತ್ರಕ್ಕ ನಾ ಮರುಗಿದ್ದು ಅವತ್ತ.

ನಾಲ್ಕು ಆಯ್ತವಾರ ಹಿಂಗ ಹೋದವು.
ಐದನೇದಕ್ಕ ಧಾರವಾಡ, ಮಾಳಮಡ್ಡಿ.
ಪಾರಿಜಾತದ ಕೆಳಗ ಬೂದಿಬಣ್ಣದ ಸಣ್ಣ ಗಾಡಿ,
ಬಾಗಲಿಗೆ ಉದ್ದಾನ ಗೀರು.
"ಗೀರು ನಂದ," ಅಂದ್ರು ಪದ್ಮಜಾಬಾಯಿ ಇನಾಮದಾರ,
"ಗೇಟೂ ಸರೀಲಿಲ್ಲ, ನಾನೂ ಸರೀಲಿಲ್ಲ."
ಭೂಗೋಲ ಕಲಿಸಿದವರು. ಈಗ ಎದುರಿನ ದೀಪ
ಎರಡೆರಡು ಕಾಣತಾವಂತ.
ಒಂಬತ್ತು ವರ್ಷದ ವಹಿ ಕೈಯಾಗಿಟ್ರು:
ಎಂದು ಎಷ್ಟು ಪೆಟ್ರೋಲು, ಗೇರಿನ ಎಣ್ಣಿ ಯಾವಾಗ ಹೊಸಾದು,
ನಡುವ ಒಂದು ಸಾಲು, "ಇಂದು ಕಾಗೆ ಕನ್ನಡಿ ಕುಕ್ಕಿತು."
ನಾಲ್ವತ್ತೊಂದು ಸಾವಿರ ಕಿಲೋಮೀಟರು.
ಪೆಡಲ್ ಹೌದು ಅಂತು.

"ಇಲ್ಲೇ ಓಣ್ಯಾಗ ಸುತ್ತು ಹಾಕಿದ್ರ ಏನ ತಿಳೀತದ?
ನವಲೂರ ಏರಿಗೆ ಒಯ್ರಿ, ಅರ್ಧಕ್ಕ ನಿಲ್ಲಸ್ರಿ.
ಮತ್ತ ಎಡಗಾಲಿನ ಚಪ್ಪಲಿ ಬಿಚ್ಚಿಡ್ರಿ.
ಇವತ್ತ ರಜಾ ಅದ ಅಂತ ಅದಕ್ಕ ಗೊತ್ತಾಗಬೇಕು."

ಏರಿನ ಅರ್ಧಕ್ಕ ನಿಲ್ಲಿಸಿದೆ.
ರಸ್ತೆ ಬದಿಗೆ ಪೇರಲ ಬುಟ್ಟಿ, ಉಪ್ಪುಖಾರದ ಪೊಟ್ಟಣ.
ಬರಿಗಾಲು ಕೇಳೀತೇನ? ಧಪ್ಪಂತ ಒತ್ತಿತು.
ಸಿಕ್ಕಿದ್ದು ಬರೇ ಮ್ಯಾಟು,
ಒಂಬತ್ತು ವರ್ಷ ಯಾರೂ ತುಳೀದ ಜಾಗಾ.
ಬ್ರೇಕ್ ಬಿಟ್ಟೆ. ಗಾಡಿ ಒಂದು ಗೇಣು ಹಿಂದಕ್ಕ ಬಂತು,
ಒಂದು ಗಳಿಗಿ ವಿಚಾರ ಮಾಡ್ತು,
ಆಮ್ಯಾಲ ಏರಿತು.
ಹಿಂದ ನಮ್ಮ ಡಿಪೋದ ಬಸ್ಸು. ಹಾರ್ನು ಗುರುತ ಹಿಡದೆ.
ಹೊಡೆಯಾಂವ ಹೊಸಾ ಹುಡುಗ,
ಕನ್ನಡ್ಯಾಗ ಅವನ ಮಾರಿ ಕಂಡ್ತು, ಮೊಣಕಾಲು ಕಾಣಲಿಲ್ಲ.

ನಿಂಗವ್ವ ಪೇರಲ ಬುಟ್ಟಿ ಹಿಂದಿನ ಸೀಟಿಗೆ ಇಟ್ಟು ನೋಡಿದ್ಲು.
ಹಿಡೀತು. ಅಷ್ಟ ಆಕಿ ಪರೀಕ್ಷಾ.
ಮೂರು ಲಕ್ಷ ಹತ್ತು ಸಾವಿರಕ್ಕ ಮುಗೀತು;
ಹದಿನೈದು ಸಾವಿರದ ಮ್ಯಾಲ ಆಕಿ ಕಣ್ಣು ಹಂಚಿನ ಕಡೆ ಹೋತು.

ಅವತ್ತ ರಾತ್ರಿ ನಿದ್ದ್ಯಾಗ
ಎಡಗಾಲು ಎಂದಿನಂಗ ಝಾಡಿಸಿ ಒತ್ತಿತು, ಹಾಸಗಿಗೆ.
ಆಕಡೆ ಹೊಳ್ಳಿ ನಿಂಗವ್ವ, ಅರೆನಿದ್ದ್ಯಾಗ:
"ಸ್ಟಾಪು ಬಂತೇನ್ರಿ? ಇಳೀಲೇನ?"